ವೆಬ್‌ಸೈಟಿಗೆ ಜನ ಬಂದಾಗ ಅಂಗಡಿಯಲ್ಲಿ ದೀಪ ಹತ್ತಬೇಕೇ? ಮಾಡುವ ಬಗೆ ಇಲ್ಲಿದೆ

“ನಮ್ಮ ಸೈಟಿಗೆ ಯಾರಾದ್ರೂ ಬಂದ್ರ ಅಂಗಡ್ಯಾಗ ಒಂದು ಲೈಟ್ ಹತ್ತಬೇಕ್ರಿ, ಹೆಂಗ ಮಾಡೋದು?” ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುವವರು ಕೇಳುತ್ತಾರೆ. ಗದಗಿನ ಮುದ್ರಣಾಲಯದವರು ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ವಾಯರ್ ಜೋಡಿಸುವುದು ಇದರಲ್ಲಿ ಸುಲಭದ ಕೆಲಸ. ಕಷ್ಟ ಇರುವುದು ಯಾರನ್ನು ಗಿರಾಕಿ ಅಂತ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದರಲ್ಲಿ. ಅದು ತಪ್ಪಿದರೆ ದೀಪ ಇಡೀ ದಿನ ಸುಮ್ನೆ ಮಿನುಗುತ್ತದೆ, ವಾರದೊಳಗೆ ಅಂಗಡಿಯಲ್ಲಿ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಹಾಗಾಗಿ ಇಲ್ಲಿ ವಾಯರಿಗಿಂತ ಲೆಕ್ಕದ ಮಾತೇ ಜಾಸ್ತಿ ಇದೆ.

ಏನೇನು ಬೇಕು

ಮುಖ್ಯವಾಗಿ ಬೇಕಾದದ್ದು ನೋಡ್‌ಎಂಸಿಯು ಅನ್ನುವ ಸಣ್ಣ ಬೋರ್ಡ್. ಇದರಲ್ಲಿ ಇಎಸ್‌ಪಿ8266 ಎಂಬ ಚಿಪ್ ಇರುತ್ತದೆ. ಶಾಂಘೈನ ಎಸ್ಪ್ರೆಸಿಫ್ ಕಂಪನಿಯದು. ವೈಫೈ ಚಿಪ್‌ನೊಳಗೇ ಇರುವುದರಿಂದ ಬೇರೆ ಏನನ್ನೂ ಸೇರಿಸಬೇಕಾಗಿಲ್ಲ. ಇದರ ಅಣ್ಣನಂಥ ಇಎಸ್‌ಪಿ32 ಬೋರ್ಡ್ ನಿಮ್ಮ ಬಳಿ ಈಗಾಗಲೇ ಇದ್ದರೆ ಅದೂ ಆಗುತ್ತದೆ. ಆದರೆ ಒಂದು ದೀಪ ಹತ್ತಿಸಲು ಅಷ್ಟು ದೊಡ್ಡದು ಬೇಕಾಗಿಲ್ಲ.

ಉಳಿದದ್ದು ಚಿಲ್ಲರೆ ಸಾಮಾನು: ಕೆಂಪು ಮತ್ತು ಹಸಿರು ಎಲ್‌ಇಡಿ ಒಂದೊಂದು, 220 ಓಮ್‌ನ ಎರಡು ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿ ಇಡುವ ಪುಟ್ಟ ಭಾಗ), ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವಾಯರ್ ಸಿಕ್ಕಿಸುವ ತೂತುಗಳ ಹಲಗೆ), ನಾಲ್ಕಾರು ಜಂಪರ್ ವಾಯರ್, 5 ವೋಲ್ಟ್‌ನ ಒಳ್ಳೆಯ ಮೊಬೈಲ್ ಚಾರ್ಜರ್, ಮತ್ತೆ ಒಂದು ಯುಎಸ್‌ಬಿ ಕೇಬಲ್. ಕೇಬಲ್ ವಿಷಯದಲ್ಲಿ ಎಚ್ಚರ ಇರಲಿ. ಕೆಲವು ಕೇಬಲ್‌ಗಳು ಚಾರ್ಜಿಗೆ ಮಾತ್ರ ಬರುತ್ತವೆ, ಅವುಗಳಲ್ಲಿ ಡೇಟಾ ವಾಯರೇ ಇರುವುದಿಲ್ಲ. ಬೋರ್ಡ್‌ನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣುವುದಿಲ್ಲ. “ಬೋರ್ಡ್ ಕೆಟ್ಟಿದೆ” ಅಂತ ಅಂಗಡಿಗೆ ವಾಪಸ್ ಒಯ್ಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಸೈಟಿನ ಕಡೆಯಿಂದ ಬೇಕಾದದ್ದು ಪಿಎಚ್‌ಪಿ ನಡೆಯುವ ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆಗೆ ಸಿಗುವ ಸರ್ವರ್ ಜಾಗ). ಪಿಎಚ್‌ಪಿ ಎಂದರೆ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮ್ ಭಾಷೆ. ವರ್ಡ್‌ಪ್ರೆಸ್ ಸೈಟ್ ಇದ್ದರೆ ಪಿಎಚ್‌ಪಿ ಇದ್ದೇ ಇರುತ್ತದೆ. ನಿಮ್ಮದೇ ಫೈಲ್ ಹಾಕಲು ಬಿಡದ ಉಚಿತ ಸೈಟ್ ತಯಾರಿ ಸೇವೆ ಬಳಸುತ್ತಿದ್ದರೆ ಈ ವಿಧಾನ ಹಾಗೇ ನಡೆಯುವುದಿಲ್ಲ.

ಅಂಗಡಿಯ ವೈಫೈ 2.4 ಗಿಗಾಹರ್ಟ್ಸ್‌ನದಾಗಿರಬೇಕು. ಇಎಸ್‌ಪಿ8266ಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಹೊಸ ರೌಟರ್‌ಗಳಲ್ಲಿ ಎರಡೂ ಇರುತ್ತವೆ, 2.4 ಆನ್ ಇದೆಯಾ ಅಂತ ನೋಡಿಕೊಳ್ಳಿ. ಭದ್ರತೆಯನ್ನು ಡಬ್ಲ್ಯುಪಿಎ2ಗೆ ಇಡಿ. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ: ಸಂಪರ್ಕ ಆದ ಮೇಲೆ ಬ್ರೌಸರ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಕಾಲೇಜು ವೈಫೈ ಈ ಬೋರ್ಡಿಗೆ ಆಗಿಬರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಕೆಲಸ ಮಾಡಿ.

ಒಟ್ಟಾರೆ ಹೇಗೆ ನಡೆಯುತ್ತದೆ

ಹೆಚ್ಚಿನವರು ತಿಳಿದುಕೊಂಡಿರುವುದು ಹೀಗೆ: ಸೈಟಿಗೆ ಜನ ಬಂದ ಕೂಡಲೇ ಸರ್ವರ್ ನಮ್ಮ ಬೋರ್ಡಿಗೆ “ಹತ್ತು” ಅಂತ ಹೇಳುತ್ತದೆ. ಮನೆ, ಅಂಗಡಿಯ ಇಂಟರ್‌ನೆಟ್‌ನಲ್ಲಿ ಅದು ಆಗುವುದಿಲ್ಲ. ನಿಮ್ಮ ಬೋರ್ಡ್ ರೌಟರ್‌ನ ಹಿಂದೆ ಕೂತಿದೆ, ಹೊರಗಿನಿಂದ ನೇರವಾಗಿ ಅದರ ವಿಳಾಸಕ್ಕೆ ಬರುವ ದಾರಿ ಇಲ್ಲ. ಎಷ್ಟೋ ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತವೆ. ರೌಟರ್‌ನಲ್ಲಿ ಬಾಗಿಲು ತೆರೆದಿಡುವ ಉಪಾಯಗಳನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೇಡ, ಒಂದು ದೀಪಕ್ಕಾಗಿ ಅಂಗಡಿಯ ಇಡೀ ನೆಟ್‌ವರ್ಕನ್ನು ಹೊರಗಿನವರಿಗೆ ತೆರೆದಿಟ್ಟಂತೆ ಆಗುತ್ತದೆ.

ಅದಕ್ಕೆ ಉಲ್ಟಾ ಮಾಡೋಣ. ಅಂಚೆ ಕಚೇರಿಗೆ ಹೋಗಿ “ನನಗೇನಾದರೂ ಬಂದಿದೆಯಾ?” ಅಂತ ಕೇಳಿದ ಹಾಗೆ, ಬೋರ್ಡೇ ಹತ್ತು ಸೆಕೆಂಡಿಗೊಮ್ಮೆ ಸರ್ವರ್‌ಗೆ ಹೋಗಿ ಕೇಳುತ್ತದೆ. ಇದಕ್ಕೆ ಪೋಲಿಂಗ್ ಅನ್ನುತ್ತಾರೆ. ಸರ್ವರ್‌ನಲ್ಲಿ ಒಂದು ಎಣಿಕೆ ಇರುತ್ತದೆ. ಗಿರಾಕಿಯ ಬ್ರೌಸರ್ ಅದನ್ನು ಒಂದೊಂದಾಗಿ ಏರಿಸುತ್ತದೆ. ಬೋರ್ಡ್ ಅದನ್ನು ಓದುತ್ತದೆ, ಹಿಂದಿನ ಸಲಕ್ಕಿಂತ ಜಾಸ್ತಿ ಆಗಿದ್ದರೆ ದೀಪ ಹತ್ತಿಸುತ್ತದೆ. ಇಷ್ಟೇ.

ಹಂತ 1: ಯಾವುದಕ್ಕೆ ದೀಪ ಹತ್ತಬೇಕು, ತೀರ್ಮಾನಿಸಿ

ಸರ್ವರ್‌ಗೆ ಬರುವ ಪ್ರತಿ ಕರೆಯನ್ನೂ ಎಣಿಸಿದರೆ ಮಧ್ಯರಾತ್ರಿಯಲ್ಲೂ ದೀಪ ಕುಣಿಯುತ್ತದೆ. ಬಂದವರೆಲ್ಲ ಮನುಷ್ಯರಲ್ಲ. ಗೂಗಲ್, ಬಿಂಗ್‌ನಂಥ ಹುಡುಕಾಟ ಸೇವೆಗಳ ಬಾಟ್‌ಗಳು, ಅಂದರೆ ಪುಟಗಳನ್ನು ತಾವಾಗಿಯೇ ಓದುತ್ತಾ ಹೋಗುವ ಪ್ರೋಗ್ರಾಮ್‌ಗಳು, ಹಗಲು ರಾತ್ರಿ ಬರುತ್ತವೆ. ಲಾಗಿನ್ ಪುಟಕ್ಕೆ ಪಾಸ್‌ವರ್ಡ್ ಊಹಿಸುತ್ತಾ ಬಡಿಯುವ ಕಳ್ಳ ಬಾಟ್‌ಗಳೂ ಇರುತ್ತವೆ. ನೀವು ವಾಟ್ಸ್‌ಆಪ್‌ನಲ್ಲಿ ಲಿಂಕ್ ಹಂಚಿದಾಗ ಪುಟ್ಟ ಚಿತ್ರದ ಜೊತೆ ಮುನ್ನೋಟ ಬರುತ್ತದಲ್ಲ, ಅದಕ್ಕೂ ಸೈಟಿಗೆ ಒಂದು ಕರೆ ಹೋಗಿರುತ್ತದೆ.

ಇನ್ನೊಂದು ಕಡೆಯ ತೊಂದರೆಯೂ ಇದೆ. ಸೈಟ್ ಬೇಗ ತೆರೆಯಲಿ ಅಂತ ಕ್ಯಾಶ್ ಪ್ಲಗಿನ್ (ಸೈಟಿಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶ) ಹಾಕಿರುತ್ತೀರಿ. ಕ್ಯಾಶ್ ಎಂದರೆ ಒಮ್ಮೆ ತಯಾರಾದ ಪುಟವನ್ನು ಎತ್ತಿಟ್ಟು ಮುಂದಿನವರಿಗೆ ಅದನ್ನೇ ಕೊಡುವುದು. ಆಗ ಪುಟದ ಪಿಎಚ್‌ಪಿ ಓಡುವುದೇ ಇಲ್ಲ. ಪುಟದ ಪಿಎಚ್‌ಪಿಯಲ್ಲೇ ಎಣಿಸಲು ಹೋದರೆ ನಿಜವಾದ ಗಿರಾಕಿ ಬಂದರೂ ದೀಪ ಹತ್ತುವುದಿಲ್ಲ.

ಎರಡಕ್ಕೂ ಒಂದೇ ಮದ್ದು: ಎಣಿಕೆಯನ್ನು ಗಿರಾಕಿಯ ಬ್ರೌಸರ್‌ಗೆ ವಹಿಸುವುದು. ಪುಟದಲ್ಲಿ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ (ಬ್ರೌಸರ್‌ನೊಳಗೆ ಓಡುವ ಪ್ರೋಗ್ರಾಮ್) ಇಟ್ಟರೆ ಅದು ಕ್ಯಾಶ್ ಆದ ಪುಟದಲ್ಲೂ ಓಡುತ್ತದೆ, ಬಹುತೇಕ ಬಾಟ್‌ಗಳಲ್ಲಿ ಓಡುವುದಿಲ್ಲ. ಆದರೆ ಗೂಗಲ್‌ನದರಂಥ ಕೆಲವು ಬಾಟ್‌ಗಳು ಜಾವಾಸ್ಕ್ರಿಪ್ಟನ್ನೂ ಓಡಿಸಿ ನೋಡುತ್ತವೆ. ಅವನ್ನು ಲೆಕ್ಕದಿಂದ ಹೇಗೆ ಬಿಡಬೇಕು ಅನ್ನುವುದು ಹಂತ 4ರಲ್ಲಿದೆ.

ನನ್ನನ್ನು ಕೇಳಿದರೆ ಎರಡು ದೀಪ ಇಡಿ. ಪುಟದ ಮೇಲೆ ಕೆಲವು ಸೆಕೆಂಡ್ ನಿಂತವರಿಗೆ ಹಸಿರು, ಆರ್ಡರ್ ಅಥವಾ ವಿಚಾರಣೆ ಬಂದರೆ ಕೆಂಪು. ದಿನಕ್ಕೆ ನೂರಾರು ಜನ ಬರುವ ಸೈಟಾದರೆ ಹಸಿರನ್ನು ಬಿಟ್ಟುಬಿಡಿ, ಕೆಂಪು ಒಂದೇ ಸಾಕು. ಅಂಗಡಿಯಲ್ಲಿ ಎದುರಿಗೆ ಗಿರಾಕಿ ನಿಂತಿರುವಾಗ ಎರಡು ನಿಮಿಷಕ್ಕೊಮ್ಮೆ ಮಿನುಗುವ ದೀಪ ಯಾರಿಗೆ ಬೇಕು, ಅಲ್ವಾ?

ಹಂತ 2: ಮೊದಲು ದೀಪ ಮಾತ್ರ ಹತ್ತಿಸಿ ನೋಡಿ

ಇಂಟರ್‌ನೆಟ್ ಸಹವಾಸ ಇಲ್ಲದೆ ಬೋರ್ಡ್ ಮತ್ತು ಎಲ್‌ಇಡಿ ಸರಿ ಇವೆಯಾ ಅಂತ ನೋಡಬೇಕು. ಈ ಹಂತ ಬಿಟ್ಟರೆ ಮುಂದೆ ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಒದ್ದಾಡುತ್ತೀರಿ.

ಕಂಪ್ಯೂಟರ್‌ನಲ್ಲಿ ಆರ್ಡುಯಿನೋ ಐಡಿಇ ಹಾಕಿಕೊಳ್ಳಿ. ಬೋರ್ಡಿಗೆ ಪ್ರೋಗ್ರಾಮ್ ಬರೆದು ಕಳಿಸುವ ಉಚಿತ ತಂತ್ರಾಂಶ ಇದು. ಅದರ ಪ್ರಿಫರೆನ್ಸಸ್‌ನಲ್ಲಿ ಇಎಸ್‌ಪಿ8266 ಬೋರ್ಡ್ ಪಟ್ಟಿಯ ವಿಳಾಸ ಸೇರಿಸಿ, ಬೋರ್ಡ್ಸ್ ಮ್ಯಾನೇಜರ್‌ನಿಂದ ಅದನ್ನು ಇನ್‌ಸ್ಟಾಲ್ ಮಾಡಿ. ಆಮೇಲೆ ಬೋರ್ಡ್ ಪಟ್ಟಿಯಲ್ಲಿ ನೋಡ್‌ಎಂಸಿಯು 1.0 ಆರಿಸಿ. ಪೋರ್ಟ್ ಕಾಣದಿದ್ದರೆ ಡ್ರೈವರ್ ಬೇಕು ಅಂತ ಅರ್ಥ. ಬೋರ್ಡ್ ಮೇಲೆ ಯುಎಸ್‌ಬಿ ಹತ್ತಿರ ಇರುವ ಚಿಪ್ ನೋಡಿ. ಸಿಎಚ್340 ಅಥವಾ ಸಿಪಿ2102 ಇರುತ್ತದೆ, ಅದಕ್ಕೆ ತಕ್ಕ ಡ್ರೈವರ್ ಹಾಕಿ.

ಜೋಡಣೆ ಹೀಗೆ: ಹಸಿರು ಎಲ್‌ಇಡಿಯ ಉದ್ದದ ಕಾಲಿಗೆ ರೆಸಿಸ್ಟರ್, ರೆಸಿಸ್ಟರ್‌ನ ಇನ್ನೊಂದು ತುದಿ ಬೋರ್ಡ್‌ನ ಡಿ1 ಪಿನ್ನಿಗೆ. ಗಿಡ್ಡ ಕಾಲು ಗ್ರೌಂಡ್ ಪಿನ್ನಿಗೆ. ಕೆಂಪಿನದೂ ಹೀಗೇ, ಡಿ2ಗೆ. ಡಿ3, ಡಿ4, ಡಿ8 ಪಿನ್‌ಗಳಿಗೆ ಕೈ ಹಾಕಬೇಡಿ. ಬೋರ್ಡ್ ಶುರುವಾಗುವಾಗ ಆ ಮೂರೂ ಯಾವ ಸ್ಥಿತಿಯಲ್ಲಿವೆ ಅಂತ ಚಿಪ್ ನೋಡುತ್ತದೆ. ಅಲ್ಲಿ ಏನಾದರೂ ಸಿಕ್ಕಿಸಿದ್ದರೆ ಒಮ್ಮೊಮ್ಮೆ ಬೋರ್ಡ್ ಏಳುವುದೇ ಇಲ್ಲ.

ಈ ಬೋರ್ಡ್‌ನ ಪಿನ್ ಕೊಡುವುದು 3.3 ವೋಲ್ಟ್. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 1.3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ 6 ಮಿಲಿಆಂಪ್ ಆಗುತ್ತದೆ. ಪಿನ್ ತಾಳುವ ಮಿತಿ 12 ಮಿಲಿಆಂಪ್, ಹಾಗಾಗಿ ತೊಂದರೆ ಇಲ್ಲ. ನೀಲಿ, ಬಿಳಿ ಎಲ್‌ಇಡಿ ಮತ್ತು ಕೆಲವು ಅಚ್ಚ ಹಸಿರಿನವು 3 ವೋಲ್ಟ್ ಹತ್ತಿರ ಕೇಳುತ್ತವೆ. ಅವು ಮಂಕಾಗಿ ಹತ್ತಿದರೆ ಗಾಬರಿ ಬೇಡ.

ಐಡಿಇಯಲ್ಲೇ ಸಿಗುವ ಬ್ಲಿಂಕ್ ಉದಾಹರಣೆ ತೆರೆದು ಪಿನ್ ಹೆಸರನ್ನು ಡಿ1 ಅಂತ ಬದಲಿಸಿ ಕಳಿಸಿ. ದೀಪ ಮಿನುಗಿತೇ? ಮುಂದಕ್ಕೆ ಹೋಗಿ.

ಹಂತ 3: ಸರ್ವರ್‌ನಲ್ಲಿ ಎರಡು ಸಣ್ಣ ಫೈಲ್

ಪಿಎಚ್‌ಪಿ ಬಾರದವರು ಈ ಭಾಗವನ್ನು ನಿಮ್ಮ ಸೈಟ್ ಮಾಡಿಕೊಟ್ಟವರಿಗೆ ಹಾಗೇ ಕಳಿಸಿ. ಅವರಿಗೆ ಇದು ಅರ್ಧ ಗಂಟೆಯ ಕೆಲಸ.

ಮೊದಲನೆಯದು ಏರಿಸುವ ಫೈಲ್. ಇದನ್ನು ಕರೆದಾಗಲೆಲ್ಲ ಒಂದು ಪಠ್ಯ ಫೈಲ್‌ನಲ್ಲಿರುವ ಸಂಖ್ಯೆಯನ್ನು ಓದಿ, ಒಂದು ಕೂಡಿಸಿ, ಮತ್ತೆ ಬರೆಯುತ್ತದೆ. ಎರಡನೆಯದು ಓದುವ ಫೈಲ್. ಇದನ್ನು ಬೋರ್ಡ್ ಕರೆಯುತ್ತದೆ, ಅದು ಸಂಖ್ಯೆಯನ್ನು ಮಾತ್ರ ಹೇಳುತ್ತದೆ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಬೇರೆ: “ಗಿರಾಕಿ ಬಂದರೆ 1 ಬರೆಯೋಣ, ಬೋರ್ಡ್ ಓದಿದ ಮೇಲೆ 0 ಮಾಡೋಣ.” ಇದು ಬೇಡ. ಬೋರ್ಡ್ ಕೇಳಿತು, ಸರ್ವರ್ 0 ಮಾಡಿತು, ಅಷ್ಟರಲ್ಲಿ ವೈಫೈ ಕೈಕೊಟ್ಟಿತು ಅಂದುಕೊಳ್ಳಿ. ಆ ಗಿರಾಕಿಯ ಸುದ್ದಿ ದಾರಿಯಲ್ಲೇ ಕಳೆದುಹೋಯಿತು. ಮುಂದೆ ಹುಬ್ಬಳ್ಳಿ ಅಂಗಡಿಯಲ್ಲಿ ಒಂದು, ಧಾರವಾಡದ ಮನೆಯಲ್ಲಿ ಒಂದು ದೀಪ ಇಡುವ ಮನಸ್ಸಾದರೆ ಯಾವ ಬೋರ್ಡ್ ಮೊದಲು ಓದುತ್ತದೋ ಅದಕ್ಕೆ ಮಾತ್ರ ಸುದ್ದಿ ಸಿಗುತ್ತದೆ. ಏರುತ್ತಲೇ ಹೋಗುವ ಸಂಖ್ಯೆಯಾದರೆ ಈ ಎರಡು ತಾಪತ್ರಯವೂ ಇಲ್ಲ. ಪ್ರತಿ ಬೋರ್ಡ್ ತಾನು ಕೊನೆಗೆ ಕಂಡ ಸಂಖ್ಯೆಯನ್ನು ತಾನೇ ನೆನಪಿಡುತ್ತದೆ.

ಈ ಹಂತದಲ್ಲಿ ನಾಲ್ಕು ಕಡೆ ಜನ ಎಡವುತ್ತಾರೆ.

ಬೀಗ: ಇಬ್ಬರು ಗಿರಾಕಿಗಳು ಒಂದೇ ಕ್ಷಣಕ್ಕೆ ಬಂದರೆ ಇಬ್ಬರೂ 41 ಓದಿ ಇಬ್ಬರೂ 42 ಬರೆಯಬಹುದು. ಒಬ್ಬರ ಲೆಕ್ಕ ತಪ್ಪಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅರ್ಧ ಬರೆದಿರುವಾಗ ಇನ್ನೊಬ್ಬರು ಓದಿ ಫೈಲ್ ಖಾಲಿ ಅಂದುಕೊಳ್ಳುವುದು. ಪಿಎಚ್‌ಪಿಯಲ್ಲಿ ಫೈಲ್ ಲಾಕ್ ಸೌಲಭ್ಯ ಇದೆ. ಓದುವ ಮೊದಲೇ ಬೀಗ ಹಾಕಿ, ಬರೆದ ಮೇಲೆ ಬಿಡಿ. ಬರೆಯುವಾಗ ಮಾತ್ರ ಬೀಗ ಹಾಕಿದರೆ ಉಪಯೋಗ ಇಲ್ಲ.

ಜಾಗ: ಸಂಖ್ಯೆ ಇರುವ ಪಠ್ಯ ಫೈಲನ್ನು ಸೈಟಿನ ಸಾರ್ವಜನಿಕ ಫೋಲ್ಡರ್‌ನ ಹೊರಗೆ ಇಡಿ. ಇಲ್ಲವಾದರೆ ನಿಮ್ಮ ಸೈಟಿಗೆ ಎಷ್ಟು ಜನ ಬಂದರು ಅಂತ ಪಕ್ಕದ ಅಂಗಡಿಯವರೂ ನೋಡಬಹುದು.

ಹಳಸಿದ ಉತ್ತರ: ಓದುವ ಫೈಲ್‌ನ ಉತ್ತರವೂ ಕ್ಯಾಶ್ ಆಗಿಬಿಡುತ್ತದೆ. ಬೋರ್ಡಿಗೆ ಗಂಟೆಗಟ್ಟಲೆ ಅದೇ ಹಳೆಯ ಸಂಖ್ಯೆ ಸಿಗುತ್ತದೆ. ಉತ್ತರದ ತಲೆಸಾಲಿನಲ್ಲಿ ಕ್ಯಾಶ್-ಕಂಟ್ರೋಲ್ ಅನ್ನು ನೋ-ಸ್ಟೋರ್ ಅಂತ ಕಳಿಸಿ, ಕ್ಯಾಶ್ ಪ್ಲಗಿನ್‌ನಲ್ಲಿ ಈ ಫೈಲನ್ನು ಹೊರಗಿಡುವ ಪಟ್ಟಿಗೆ ಸೇರಿಸಿ.

ಗುರುತು: ಉತ್ತರ ಬರೀ “42” ಆಗಿರದೆ ಮುಂದೆ ನಿಮ್ಮದೇ ಒಂದು ಅಕ್ಷರ ಇರಲಿ. ಯಾಕೆ ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

ಓದುವ ಫೈಲ್‌ನ ವಿಳಾಸದ ಕೊನೆಗೆ ಒಂದು ಉದ್ದನೆಯ ಗುಟ್ಟಿನ ಪದ ಸೇರಿಸಿ, ಅದಿಲ್ಲದೆ ಕೇಳಿದರೆ ಉತ್ತರ ಕೊಡದ ಹಾಗೆ ಮಾಡಿ. ಏರಿಸುವ ಫೈಲಿಗೆ ಇಂಥ ಗುಟ್ಟು ಇಡಲು ಬರುವುದಿಲ್ಲ, ಪುಟದ ಮೂಲ ನೋಡಿದವರಿಗೆಲ್ಲ ಅದು ಕಾಣುತ್ತದೆ. ಯಾರಾದರೂ ತಮಾಷೆಗೆ ಅದನ್ನು ನೂರು ಸಲ ಒತ್ತಬಹುದು. ಅದಕ್ಕೆ ಹಿಂದಿನ ಏರಿಕೆಯಾಗಿ ಎರಡು ಸೆಕೆಂಡ್ ಆಗಿರದಿದ್ದರೆ ಏರಿಸಬೇಡ ಅಂತ ಒಂದು ಸಾಲು ಹಾಕಿ.

ಬಂದವರ ಐಪಿ ವಿಳಾಸ, ಫೋನ್ ಮಾದರಿ ಅಂತ ಏನನ್ನೂ ಬರೆದಿಡಬೇಡಿ. ದೀಪಕ್ಕೆ ಬೇಕಾದದ್ದು ಒಂದು ಎಣಿಕೆ ಮಾತ್ರ. ವೈಯಕ್ತಿಕ ಮಾಹಿತಿ ಸಂಗ್ರಹಿಸಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆ ನಿಮ್ಮ ತಲೆಗೆ ಬರುತ್ತದೆ. ಬೇಡದ ಉಸಾಬರಿ ಯಾಕೆ?

ಹಂತ 4: ಪುಟದೊಳಗೆ ನಾಲ್ಕು ಸಾಲು

ವರ್ಡ್‌ಪ್ರೆಸ್‌ನಲ್ಲಿ ಪುಟದ ತಳಕ್ಕೆ ಕೋಡ್ ಸೇರಿಸಲು ಎಷ್ಟೋ ಪ್ಲಗಿನ್‌ಗಳಿವೆ, ಯಾವುದಾದರೂ ಒಂದು ಸಾಕು. ಥೀಮ್ ಫೈಲ್‌ನಲ್ಲೇ ಬರೆದರೆ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸ ಇಷ್ಟು. ಪುಟ ತೆರೆದು ಐದು ಸೆಕೆಂಡ್ ಕಾಯಬೇಕು. ಆಗಲೂ ಪುಟ ಕಣ್ಣೆದುರು ಇದೆಯಾ, ಹಿಂದಿನ ಟ್ಯಾಬ್‌ಗೆ ಸರಿದಿದೆಯಾ ಅಂತ ನೋಡಬೇಕು. ಕಣ್ಣೆದುರೇ ಇದ್ದರೆ ಏರಿಸುವ ಫೈಲನ್ನು ಒಮ್ಮೆ ಕರೆಯಬೇಕು. ಕರೆಯಲು ಸೆಂಡ್‌ಬೀಕನ್ ಅನ್ನುವ ಆಜ್ಞೆ ಬಳಸಿ. ಅದು ಉತ್ತರಕ್ಕೆ ಕಾಯುವುದಿಲ್ಲ, ಹಾಗಾಗಿ ಪುಟ ನಿಧಾನ ಆಗುವುದಿಲ್ಲ. ಕರೆದ ಮೇಲೆ ಸೆಷನ್‌ಸ್ಟೋರೇಜ್‌ನಲ್ಲಿ (ಟ್ಯಾಬ್ ಮುಚ್ಚುವವರೆಗೆ ಉಳಿಯುವ ಬ್ರೌಸರ್‌ನ ನೆನಪು) ಗುರುತು ಇಡಿ. ಆಗ ಅದೇ ಟ್ಯಾಬ್‌ನಲ್ಲಿ ಗಿರಾಕಿ ಹತ್ತು ಬಗೆಯ ಪುಡಿ ನೋಡಿದರೂ ದೀಪ ಹತ್ತುವುದು ಒಂದೇ ಸಲ.

ತೆರೆದು ತಕ್ಷಣ ಮುಚ್ಚಿದವರು ಐದು ಸೆಕೆಂಡಿನ ನಿಯಮದಿಂದ ಲೆಕ್ಕಕ್ಕೆ ಬರುವುದಿಲ್ಲ. ಬಾಟ್‌ಗಳಿಗೆ ಇನ್ನೊಂದು ಜರಡಿ ಹಾಕಿ. ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಯೂಸರ್ ಏಜೆಂಟ್ ಸಾಲಿನಲ್ಲಿ “ಬಾಟ್” ಅಥವಾ “ಕ್ರಾಲರ್” ಅನ್ನುವ ಇಂಗ್ಲಿಷ್ ಪದ ಇದ್ದರೆ ಎಣಿಸಬೇಡ ಅಂತ ಹೇಳಿ. ಗೂಗಲ್‌ನ ಬಾಟ್ ತನ್ನ ಹೆಸರನ್ನು ಮುಚ್ಚಿಡುವುದಿಲ್ಲ, ಇಲ್ಲೇ ನಿಂತುಹೋಗುತ್ತದೆ.

ಇನ್ನು ನಿಮ್ಮದೇ ಭೇಟಿ. ದಿನಕ್ಕೆ ಹತ್ತಾರು ಸಲ ನಿಮ್ಮ ಸೈಟನ್ನು ನೀವೇ ತೆರೆದು ನೋಡುತ್ತೀರಿ, ಮನೆಯವರೂ ನೋಡುತ್ತಾರೆ. ಸೈಟಿನ ವಿಳಾಸದ ಕೊನೆಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಪದ ಸೇರಿಸಿ ತೆರೆದರೆ ಆ ಫೋನ್‌ನ ಲೋಕಲ್‌ಸ್ಟೋರೇಜ್‌ನಲ್ಲಿ (ಟ್ಯಾಬ್ ಮುಚ್ಚಿದರೂ ಉಳಿಯುವ ಬ್ರೌಸರ್‌ನ ನೆನಪು) “ಇವರು ಮನೆಯವರು” ಅಂತ ಗುರುತು ಬೀಳುವ ಹಾಗೆ ಮಾಡಿ. ಗುರುತು ಇರುವ ಕಡೆ ಸ್ಕ್ರಿಪ್ಟ್ ಎಣಿಸುವುದಿಲ್ಲ. ಮನೆಯ ಎಲ್ಲ ಫೋನ್‌ಗಳಲ್ಲೂ ಒಂದೊಂದು ಸಲ ಹಾಗೆ ತೆರೆದುಬಿಡಿ. ಪರೀಕ್ಷೆ ಮಾಡಬೇಕಾದಾಗ ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿ ಬಳಸಿ. ಅಲ್ಲಿ ಈ ಗುರುತು ಇರುವುದಿಲ್ಲ.

ಹಂತ 5: ಬೋರ್ಡಿಗೆ ಕೇಳಲು ಕಲಿಸಿ

ಆರ್ಡುಯಿನೋ ಐಡಿಇಯ ಉದಾಹರಣೆಗಳಲ್ಲಿ ಇಎಸ್‌ಪಿ8266 ಎಚ್‌ಟಿಟಿಪಿ ಕ್ಲೈಂಟ್ ಅನ್ನುವ ಗುಂಪು ಇದೆ. ಅದರಲ್ಲಿ ಬೇಸಿಕ್ ಎಚ್‌ಟಿಟಿಪಿಎಸ್ ಕ್ಲೈಂಟ್ ತೆರೆಯಿರಿ. ವೈಫೈ ಹೆಸರು, ಪಾಸ್‌ವರ್ಡ್, ಓದುವ ಫೈಲ್‌ನ ವಿಳಾಸ, ಈ ಮೂರನ್ನು ಬದಲಿಸಿ. ಸೀರಿಯಲ್ ಮಾನಿಟರ್ ಅನ್ನು 115200 ವೇಗಕ್ಕೆ ಇಟ್ಟು ನೋಡಿ. ಬೋರ್ಡ್ ಏನು ಹೇಳುತ್ತಿದೆ ಅಂತ ತೋರಿಸುವ ಕಿಟಕಿ ಅದು. ವೇಗ ತಪ್ಪಿದರೆ ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತವೆ.

ಆ ಉದಾಹರಣೆ ಒಂದು ಫಿಂಗರ್‌ಪ್ರಿಂಟ್ ಕೇಳುತ್ತದೆ. ಸೈಟಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು (ಇದು ಅಸಲಿ ಸೈಟೇ ಅಂತ ತೋರಿಸುವ ಡಿಜಿಟಲ್ ಪತ್ರ) ಗುರುತಿಸುವ ಉದ್ದನೆಯ ಸಂಖ್ಯೆ ಅದು. ಹಾಕಿದರೆ ಚೆನ್ನಾಗಿ ನಡೆಯುತ್ತದೆ. ಸಮಸ್ಯೆ ಆಮೇಲೆ ಬರುತ್ತದೆ. ಬಹಳಷ್ಟು ಹೋಸ್ಟಿಂಗ್‌ಗಳು ಕೊಡುವ ಉಚಿತ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಅವಧಿ ಹೆಚ್ಚೆಂದರೆ 90 ದಿನ. ಅದು ತಾನಾಗಿಯೇ ನವೀಕರಣ ಆಗುತ್ತದೆ, ಜೊತೆಗೆ ಫಿಂಗರ್‌ಪ್ರಿಂಟೂ ಬದಲಾಗುತ್ತದೆ. “ಎರಡು ತಿಂಗಳು ಛಲೋ ನಡೀತ್ರಿ, ಆಮ್ಯಾಲೆ ಲೈಟ್ ಸತ್ತೇ ಹೋತು” ಅನ್ನುವ ದೂರಿಗೆ ಮುಖ್ಯ ಕಾರಣ ಇದೇ. 2029ರ ಮಾರ್ಚ್‌ನಿಂದ ಬ್ರೌಸರ್‌ಗಳು ಒಪ್ಪುವ ಹೊಸ ಸರ್ಟಿಫಿಕೇಟ್ ಯಾವುದೂ 47 ದಿನ ಮೀರುವ ಹಾಗಿಲ್ಲ. ಹಾಗಾಗಿ ಈ ದಾರಿ ಇನ್ನೂ ಕಷ್ಟ ಆಗಲಿದೆ.

ಬದಲಿಗೆ ಏನು ಮಾಡಬಹುದು? ಸುಲಭದ್ದು ಸೆಟ್‌ಇನ್‌ಸೆಕ್ಯೂರ್ ಅನ್ನುವ ಆಜ್ಞೆ. ಅದೇ ಉದಾಹರಣೆಯ ಟಿಪ್ಪಣಿಯಲ್ಲಿ ಅದೂ ಇದೆ. ಸರ್ಟಿಫಿಕೇಟ್ ಪರೀಕ್ಷಿಸದೆ ಮುಂದುವರಿ ಅಂತ ಅದರ ಅರ್ಥ. ನಡುವೆ ಯಾರಾದರೂ ಕೂತು ತಾವೇ ನಿಮ್ಮ ಸರ್ವರ್ ಅಂತ ನಟಿಸಿದರೆ ಬೋರ್ಡಿಗೆ ಗೊತ್ತಾಗುವುದಿಲ್ಲ, ಗುಟ್ಟಿನ ಪದವೂ ಅವರಿಗೆ ಸಿಗಬಹುದು. ಬರೀ ಎಣಿಕೆ ಓದುವ ದೀಪಕ್ಕೆ ಇದು ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ ಗುಟ್ಟಿನ ಪದವನ್ನು ಬೇರೆಲ್ಲೂ ಪಾಸ್‌ವರ್ಡ್ ಆಗಿ ಬಳಸಬೇಡಿ. ಇದೇ ಬೋರ್ಡಿನಿಂದ ಬಾಗಿಲ ಬೀಗವನ್ನೋ ಮೋಟಾರನ್ನೋ ನಡೆಸುವ ಯೋಚನೆ ಇದ್ದರೆ ಈ ಅಡ್ಡದಾರಿ ಬೇಡವೇ ಬೇಡ. ಆಗ ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಮೂಲ (ರೂಟ್) ಸರ್ಟಿಫಿಕೇಟನ್ನು ಬೋರ್ಡ್‌ನಲ್ಲಿ ಇಟ್ಟು, ಇಂಟರ್‌ನೆಟ್‌ನಿಂದ ಸರಿಯಾದ ದಿನಾಂಕ ಪಡೆದು ಪರೀಕ್ಷಿಸಬೇಕು.

ಸಂಪರ್ಕ ಸರಿಯಾದ ಮೇಲೆ ಬೋರ್ಡ್‌ನ ತರ್ಕ ಹೀಗಿರಲಿ:

1. ಶುರುವಾದ ಕೂಡಲೇ ಒಮ್ಮೆ ಸಂಖ್ಯೆ ಓದಿ ನೆನಪಿಟ್ಟುಕೊಳ್ಳಬೇಕು, ದೀಪ ಹತ್ತಿಸಬಾರದು.
2. ಹತ್ತು ಸೆಕೆಂಡಿಗೊಮ್ಮೆ ಮತ್ತೆ ಓದಬೇಕು. ಉತ್ತರದ ಸ್ಥಿತಿ ಸಂಖ್ಯೆ 200 (ಎಲ್ಲ ಸರಿ ಇದೆ ಅನ್ನುವ ಸಂಕೇತ) ಇರಬೇಕು, ನಿಮ್ಮ ಗುರುತಿನ ಅಕ್ಷರವೂ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಉತ್ತರವನ್ನು ಬಿಟ್ಟುಬಿಡಬೇಕು.
3. ಹೊಸ ಸಂಖ್ಯೆ ದೊಡ್ಡದಿದ್ದರೆ ವ್ಯತ್ಯಾಸದಷ್ಟು ಸಲ ಮಿನುಗಿಸಬೇಕು, ಆದರೆ ಐದು ಸಲ ಮೀರಬಾರದು.
4. ಹೊಸ ಸಂಖ್ಯೆ ಚಿಕ್ಕದಿದ್ದರೆ ಸರ್ವರ್‌ನಲ್ಲಿ ಎಣಿಕೆ ಮರುಶುರುವಾಗಿದೆ ಎಂದರ್ಥ. ಸುಮ್ಮನೆ ಅದನ್ನೇ ನೆನಪಿಟ್ಟುಕೊಳ್ಳಬೇಕು.

ಎರಡನೆಯ ಅಂಶವನ್ನು ಯಾಕೆ ಬಿಡಬಾರದು ಗೊತ್ತೇ? ಹೋಸ್ಟಿಂಗ್‌ನಲ್ಲಿ ಏನೋ ತೊಂದರೆಯಾಗಿ ಸಂಖ್ಯೆಯ ಬದಲು “ದುರಸ್ತಿ ನಡೆಯುತ್ತಿದೆ” ಅನ್ನುವ ಪುಟ ಬರುತ್ತದೆ. ಆ ಪಠ್ಯವನ್ನು ಸಂಖ್ಯೆಯಾಗಿ ಬದಲಿಸಲು ಹೋದರೆ ಆರ್ಡುಯಿನೋ 0 ಕೊಡುತ್ತದೆ. ಬೋರ್ಡ್ 0 ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ನಿಜವಾದ ಸಂಖ್ಯೆ 5,000 ಬಂದರೆ ಒಮ್ಮೆಲೇ ಐದು ಸಾವಿರ ಗಿರಾಕಿ ಬಂದರು ಅಂದುಕೊಂಡು, ಯಾರೂ ಬರದಿದ್ದರೂ ದೀಪ ಐದು ಸಲ ಮಿನುಗುತ್ತದೆ.

ಹತ್ತು ಸೆಕೆಂಡೇ ಯಾಕೆ? ಹತ್ತಕ್ಕೊಮ್ಮೆ ಕೇಳಿದರೆ ದಿನಕ್ಕೆ 8,640 ಕರೆ. ಸೆಕೆಂಡಿಗೊಮ್ಮೆ ಆದರೆ 86,400. ಹಲವರು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಅಷ್ಟು ಕರೆ ಹೋದರೆ ಅವರ ಭದ್ರತಾ ವ್ಯವಸ್ಥೆ ನಿಮ್ಮ ಅಂಗಡಿಯ ಇಂಟರ್‌ನೆಟ್ ವಿಳಾಸವನ್ನೇ ತಡೆಯಬಹುದು. ಆಗ ನಿಮ್ಮ ಸೈಟ್ ನಿಮಗೇ ತೆರೆಯುವುದಿಲ್ಲ.

ಕಾಯುವುದಕ್ಕೆ ಖಾಲಿ ಸುತ್ತು ಹಾಕಿಸಬೇಡಿ. ಕೆಲವು ಸೆಕೆಂಡ್ ವೈಫೈ ಕೆಲಸಕ್ಕೆ ಬಿಡುವು ಸಿಗದಿದ್ದರೆ ಚಿಪ್‌ನ ಕಾವಲು ಟೈಮರ್ ಬೋರ್ಡನ್ನು ರೀಸೆಟ್ ಮಾಡುತ್ತದೆ. ಡಿಲೇ ಆಜ್ಞೆ ಬಳಸಿದರೆ ಆ ಬಿಡುವು ತಾನಾಗಿಯೇ ಸಿಗುತ್ತದೆ.

ಹಂತ 6: ದೀಪ ಬದುಕಿದೆ ಅಂತ ಹೇಗೆ ಗೊತ್ತಾಗುತ್ತದೆ?

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಮಧ್ಯಾಹ್ನದಿಂದ ದೀಪ ಹತ್ತಿಲ್ಲ. ಗಿರಾಕಿ ಬಂದಿಲ್ಲವೋ, ನೆಟ್ ಹೋಗಿದೆಯೋ? ಎರಡೂ ಒಂದೇ ಥರ ಕಂಡರೆ ಆ ದೀಪವನ್ನು ನಂಬುವುದು ಹೇಗೆ?

ಬೋರ್ಡ್ ಮೇಲೆಯೇ ಒಂದು ಪುಟ್ಟ ನೀಲಿ ದೀಪ ಇದೆ. ಸರ್ವರ್‌ನಿಂದ ಸರಿಯಾದ ಉತ್ತರ ಬಂದಾಗಲೆಲ್ಲ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಹತ್ತಲಿ. ಇದು ಉಲ್ಟಾ ದೀಪ: ಪಿನ್ನಿಗೆ ಲೋ ಕೊಟ್ಟರೆ ಹತ್ತುತ್ತದೆ, ಹೈ ಕೊಟ್ಟರೆ ಆರುತ್ತದೆ. ಸತತ ಆರು ಸಲ ಉತ್ತರ ಬರದಿದ್ದರೆ, ಅಂದರೆ ಒಂದು ನಿಮಿಷ, ಹಸಿರು ಮತ್ತು ಕೆಂಪು ಒಂದಾದ ಮೇಲೊಂದು ನಿಧಾನವಾಗಿ ಮಿನುಗಲಿ. ದೂರದಿಂದಲೇ “ಸಂಪರ್ಕ ಇಲ್ಲ” ಅಂತ ತಿಳಿಯುತ್ತದೆ. ಹತ್ತು ನಿಮಿಷ ಹಾಗೇ ಇದ್ದರೆ ಬೋರ್ಡ್ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳಲಿ.

ಹಂತ 7: ಆರ್ಡರ್‌ಗೆ ಕೆಂಪು ದೀಪ

ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ನಡೆಸುವ ಪ್ಲಗಿನ್) ಬಳಸುವವರಿಗೆ ಇದು ಸಲೀಸು. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ವೆಬ್‌ಹುಕ್ಸ್ ಇದೆ. ವೆಬ್‌ಹುಕ್ ಎಂದರೆ ಏನಾದರೂ ನಡೆದಾಗ ಸೈಟ್ ತಾನಾಗಿ ಒಂದು ವಿಳಾಸಕ್ಕೆ ಕರೆ ಕೊಡುವುದು. “ಆರ್ಡರ್ ಕ್ರಿಯೇಟೆಡ್” ಆರಿಸಿ, ಆರ್ಡರ್ ಎಣಿಕೆಗೆ ಅಂತ ಮಾಡಿದ ಇನ್ನೊಂದು ಏರಿಸುವ ಫೈಲ್‌ನ ವಿಳಾಸ ಕೊಡಿ. ಈ ಕರೆ ಸರ್ವರ್‌ನಿಂದಲೇ ಹೋಗುವುದರಿಂದ ಇಲ್ಲಿ ಗುಟ್ಟಿನ ಪದ ಇಡಬಹುದು, ಇಡಿ. ಓದುವ ಫೈಲ್ ಈಗ ಎರಡು ಸಂಖ್ಯೆ ಹೇಳಬೇಕು, ನಡುವೆ ಒಂದು ಅಲ್ಪವಿರಾಮ.

ಉಳಿಸಿದ ಕೂಡಲೇ ಕೆಂಪು ಒಮ್ಮೆ ಹತ್ತುತ್ತದೆ. ಅದು ಪರೀಕ್ಷೆಯ ಕರೆ, ಪೇಢೆ ಹಂಚಲು ಹೋಗಬೇಡಿ. ಹಣ ಕಟ್ಟದೆ ಅರ್ಧಕ್ಕೆ ಬಿಟ್ಟ ಆರ್ಡರ್‌ಗಳಿಗೂ ದೀಪ ಹತ್ತಬಹುದು. ಇನ್ನೊಂದು, ವೂಕಾಮರ್ಸ್ ಈ ಕರೆಗಳನ್ನು ಸರದಿಯಲ್ಲಿಟ್ಟು ಕಳಿಸುತ್ತದೆ. ಜನ ಕಡಿಮೆ ಬರುವ ಸೈಟ್‌ನಲ್ಲಿ ಕೆಲವು ನಿಮಿಷ ತಡ ಆಗುವುದುಂಟು. ಹೋಸ್ಟಿಂಗ್‌ನ ಕ್ರಾನ್ (ಗೊತ್ತುಮಾಡಿದ ಸಮಯಕ್ಕೆ ಕೆಲಸ ಓಡಿಸುವ) ಸೌಲಭ್ಯದಲ್ಲಿ ನಿಮಿಷಕ್ಕೊಮ್ಮೆ ವರ್ಡ್‌ಪ್ರೆಸ್‌ನ ಕ್ರಾನ್ ಓಡುವಂತೆ ಮಾಡಿದರೆ ಇದು ಸರಿಯಾಗುತ್ತದೆ. ಕರೆ ಸತತವಾಗಿ ಐದಕ್ಕಿಂತ ಜಾಸ್ತಿ ಸಲ ವಿಫಲವಾದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನು ತಾನೇ ನಿಲ್ಲಿಸಿಬಿಡುತ್ತದೆ. ಕೆಂಪು ದೀಪ ಬಹಳ ದಿನ ಹತ್ತದಿದ್ದರೆ ಮೊದಲು ಅಲ್ಲಿ ನೋಡಿ.

ಹಂತ 8: ದೊಡ್ಡ ದೀಪ ಬೇಕೆಂದರೆ

ಮೇಜಿನ ಮೇಲೆ ಎಲ್‌ಇಡಿ ಸಾಕು. ಗೋದಾಮಿನಲ್ಲಿ ದೂರಕ್ಕೆ ಕಾಣಬೇಕೆಂದರೆ 12 ವೋಲ್ಟ್‌ಗೆ ಹೋಗಿ. ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 12 ವೋಲ್ಟ್‌ನ ಎಲ್‌ಇಡಿ ಇಂಡಿಕೇಟರ್ ಅಥವಾ ಎಲ್‌ಇಡಿ ಪಟ್ಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೋರ್ಡ್‌ನ ಪಿನ್ ಇದನ್ನು ನೇರವಾಗಿ ನಡೆಸಲಾರದು, ನಡುವೆ ಮಾಸ್‌ಫೆಟ್ ಬೇಕು. ಸಣ್ಣ ವೋಲ್ಟೇಜ್‌ನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಭಾಗ ಅದು. ಕೊಳ್ಳುವಾಗ ಲಾಜಿಕ್ ಲೆವೆಲ್ ಮಾಸ್‌ಫೆಟ್ ಅಂತಲೇ ಕೇಳಿ, ಐಆರ್‌ಎಲ್‌ಝಡ್44ಎನ್ ಥರದ್ದು. ಎಲ್ಲ ಕಡೆ ಸಿಗುವ ಐಆರ್‌ಎಫ್540 ಕೊಟ್ಟರೆ ಬೇಡ ಅನ್ನಿ. 3.3 ವೋಲ್ಟಿಗೆ ಅದು ಪೂರ್ತಿ ತೆರೆದುಕೊಳ್ಳುವುದಿಲ್ಲ, ದೀಪ ಮಂಕಾಗಿರುತ್ತದೆ. 12 ವೋಲ್ಟ್ ಅಡಾಪ್ಟರ್‌ನ ನೆಗೆಟಿವ್ ಮತ್ತು ಬೋರ್ಡ್‌ನ ಗ್ರೌಂಡ್ ಒಂದಕ್ಕೊಂದು ಸೇರಿರಲೇಬೇಕು.

230 ವೋಲ್ಟ್‌ನ ಬಲ್ಬನ್ನು ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಮೂಲಕ ಹತ್ತಿಸಬಹುದು, ನಿಜ. ಆದರೆ ಬ್ರೆಡ್‌ಬೋರ್ಡ್ ಹತ್ತಿರಕ್ಕೂ ಮನೆ ಕರೆಂಟ್ ತರಬೇಡಿ. ಬೇಕೇಬೇಕು ಅಂದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿಸಿ.

ಹಂತ 9: ಕರೆಂಟ್ ಹೋದಾಗ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹೆಸ್ಕಾಂ ಕರೆಂಟ್ ಹೋಗಿ ಬಂದು ಮಾಡುವುದು ಹೊಸದೇನಲ್ಲ. ಬೋರ್ಡ್ ಕೆಲವೇ ಸೆಕೆಂಡಿನಲ್ಲಿ ಎದ್ದು ಕೂರುತ್ತದೆ, ರೌಟರ್ ಎದ್ದೇಳಲು ನಿಮಿಷಗಳು ಬೇಕು. ಹಾಗಾಗಿ ಮೊದಲ ಸಲಕ್ಕೇ ವೈಫೈ ಸಿಗಲಿಲ್ಲ ಅಂತ ಪ್ರೋಗ್ರಾಮ್ ಕೈಚೆಲ್ಲಬಾರದು, ಮತ್ತೆ ಮತ್ತೆ ಪ್ರಯತ್ನಿಸಬೇಕು. ಕರೆಂಟ್ ಇಲ್ಲದಾಗಲೂ ದೀಪ ನಡೆಯಬೇಕೆಂದರೆ ರೌಟರ್‌ಗೆ ಇಡುವ ಸಣ್ಣ ಯುಪಿಎಸ್ ಕೊಳ್ಳಿ. 5 ವೋಲ್ಟ್ ಯುಎಸ್‌ಬಿ ಕಿಂಡಿಯೂ ಇರುವಂಥದ್ದನ್ನು ಆರಿಸಿದರೆ ಬೋರ್ಡಿಗೂ ಅದೇ ಆಗುತ್ತದೆ. ಪವರ್ ಬ್ಯಾಂಕ್ ನಂಬಬೇಡಿ. ಈ ಬೋರ್ಡ್ ಎಳೆಯುವ ಕರೆಂಟ್ ಬಹಳ ಕಡಿಮೆ, ಫೋನ್ ಚಾರ್ಜ್ ಆಗಿ ಮುಗಿಯಿತು ಅಂತ ಎಷ್ಟೋ ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ.

ಹತ್ತು ಸೆಕೆಂಡ್ ತಡವೂ ಆಗಬಾರದು ಅನ್ನುವವರಿಗೆ

ಎಂಕ್ಯೂಟಿಟಿ ಅನ್ನುವ ವಿಧಾನ ಇದೆ. ಬೋರ್ಡ್ ಒಮ್ಮೆ ಸಂಪರ್ಕ ಮಾಡಿ ಲೈನ್ ತೆರೆದಿಟ್ಟುಕೊಂಡೇ ಇರುತ್ತದೆ, ಸುದ್ದಿ ಬಂದ ತಕ್ಷಣ ಬ್ರೋಕರ್ ಅನ್ನುವ ನಡುವಿನ ಸರ್ವರ್ ತಲುಪಿಸುತ್ತದೆ. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಸೇರಿ ತೈಲ ಕೊಳವೆಗಳ ನಿಗಾಕ್ಕೆ ಇದನ್ನು ಮಾಡಿದರು. ದುಬಾರಿ ಉಪಗ್ರಹ ಸಂಪರ್ಕಕ್ಕೆ ಅಂತಲೇ ರೂಪಿಸಿದ್ದರಿಂದ ಡೇಟಾ ಬಹಳ ಕಡಿಮೆ ಸಾಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಸುವವರಿಗೆ ಇದು ಅನುಕೂಲ. ಆದರೆ ಸಾಮಾನ್ಯ ಹೋಸ್ಟಿಂಗ್‌ನಲ್ಲಿ ಬ್ರೋಕರ್ ಓಡಿಸಲು ಬಿಡುವುದಿಲ್ಲ. ಸ್ವಂತ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಮಸ್ಕಿಟೊ ಎಂಬ ಉಚಿತ ಬ್ರೋಕರ್ ಹಾಕಬೇಕು. ಪಾಸ್‌ವರ್ಡ್ ಇಡಬೇಕು, 1883ರ ತೆರೆದ ಪೋರ್ಟ್ ಬಿಟ್ಟು 8883ರ ಗೂಢಲಿಪಿ ಪೋರ್ಟ್ ಬಳಸಬೇಕು. ಅಂಗಡಿಯವರಿಗೆ ಇಷ್ಟೆಲ್ಲ ಬೇಡ. ವಿದ್ಯಾರ್ಥಿಗಳು ಮೊದಲು ಪೋಲಿಂಗ್‌ನಲ್ಲಿ ಮಾಡಿ ಮುಗಿಸಿ, ಆಮೇಲೆ ಬೋರ್ಡ್‌ನ ಓದುವ ಭಾಗವನ್ನು ಮತ್ತು ಏರಿಸುವ ಫೈಲ್‌ನ ಕೊನೆಯ ಸಾಲುಗಳನ್ನು ಬದಲಿಸಿ. ಪುಟದ ಸ್ಕ್ರಿಪ್ಟ್ ಮತ್ತು ದೀಪದ ಜೋಡಣೆ ಹಾಗೇ ಇರುತ್ತವೆ.